ಮನೆಯ ಎಲ್‌ಇಡಿ ದೀಪ ಮಂದವಾಗಬೇಕೆ? ಬಲ್ಬಿಗಿಂತ ಮೊದಲು ಡ್ರೈವರ್ ನೋಡಿ

ಚಿಕ್ಕಮಗಳೂರು: ಕಾಫಿನಾಡಿನ ಮನೆಗಳಲ್ಲಿ ಗುಂಡು ಬಲ್ಬಿನ ಕಾಲ ಮುಗಿದು ವರ್ಷಗಳೇ ಸಂದಿವೆ. ಹೆಂಚಿನ ಮನೆಯ ಜಗುಲಿಯಿಂದ ಹಿಡಿದು ತೋಟದ ಬಂಗಲೆ, ಹೋಂಸ್ಟೇ, ಕಾರ್ಮಿಕರ ಲೈನ್ ಮನೆಗಳವರೆಗೆ ಎಲ್ಲೆಡೆ ಈಗ ಎಲ್‌ಇಡಿ ದೀಪಗಳದ್ದೇ ಕಾರುಬಾರು. ಆದರೆ ಗುಂಡು ಬಲ್ಬಿನ ಕಾಲದಲ್ಲಿ ತೀರಾ ಸುಲಭವಾಗಿದ್ದ ಒಂದು ಅನುಕೂಲ ಎಲ್‌ಇಡಿ ಬಂದ ಮೇಲೆ ಕಗ್ಗಂಟಾಗಿ ಪರಿಣಮಿಸಿದೆ. ಬೇಕೆಂದಾಗ ಬೆಳಕನ್ನು ಹೆಚ್ಚಿಸುವ, ಬೇಡವೆಂದಾಗ ತಗ್ಗಿಸುವ ಸೌಲಭ್ಯವೇ ಅದು.

ಹಬ್ಬದ ದಿನ ಜಗುಲಿಯ ತುಂಬ ಬೆಳಕಿರಬೇಕು. ನಡುರಾತ್ರಿ ವಯಸ್ಸಾದವರು ಬಚ್ಚಲಿಗೆ ಎದ್ದು ಹೋಗುವಾಗ ಕಣ್ಣು ಕುಕ್ಕದಷ್ಟು ಬೆಳಕು ಸಾಕು. ಹಸುಗೂಸಿರುವ ಕೋಣೆಗೆ ಒಂದು ಬಗೆ, ಊಟದ ಮೇಜಿಗೆ ಇನ್ನೊಂದು ಬಗೆ. ಈ ಅಗತ್ಯ ಮನಗಂಡೇ ಹೊಸ ಮನೆ ಕಟ್ಟುವವರು, ಹಳೆಯ ಮನೆ ನವೀಕರಿಸುವವರು ಪೆಟ್ಟಿಗೆಯ ಮೇಲೆ ‘ಡಿಮ್ಮೆಬಲ್’ ಎಂದು ಬರೆದಿರುವ ದೀಪಗಳನ್ನು ಹೆಚ್ಚು ಹಣ ತೆತ್ತು ತರುತ್ತಾರೆ. ತಂದು ಜೋಡಿಸಿದ ಮೇಲೆ ನಾಬ್ ತಿರುಗಿಸಿದರೆ ದೀಪ ಮಿಣುಕುತ್ತದೆ, ಗುಂಯ್ ಎಂದು ಸದ್ದು ಮಾಡುತ್ತದೆ, ಅರ್ಧಕ್ಕೆ ಇಳಿಸುವಷ್ಟರಲ್ಲಿ ಫಕ್ಕನೆ ಆರಿಹೋಗುತ್ತದೆ. ಎರಡನೇ ಮಳೆಗಾಲ ಕಾಣುವ ಮೊದಲೇ ಸುಟ್ಟುಹೋಗುವ ನಿದರ್ಶನಗಳೂ ಇವೆ. ಬೈಗುಳ ಮಾತ್ರ ಬಲ್ಬಿಗೆ.

ವಾಸ್ತವದಲ್ಲಿ ತಪ್ಪು ಬಹುತೇಕ ಸಂದರ್ಭಗಳಲ್ಲಿ ಬಲ್ಬಿನದ್ದಲ್ಲ. ಬೆಳಕು ತಗ್ಗುವುದು, ತಗ್ಗದಿರುವುದು ನಿರ್ಧಾರವಾಗುವುದು ದೀಪದ ಹಿಂದೆ ಅಡಗಿರುವ ‘ಡ್ರೈವರ್’ ಎಂಬ ಸಣ್ಣ ಸಾಧನದಲ್ಲಿ. ಆ ಡ್ರೈವರ್ ಯಾವುದಿರಬೇಕು ಎಂಬುದನ್ನು ನಿರ್ಧರಿಸಬೇಕಾದದ್ದು ಮನೆಗೆ ಬರುವ ಕರೆಂಟಿನ ಗುಣ. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಒಪ್ಪುವ ವ್ಯವಸ್ಥೆ ಮೂಡಿಗೆರೆ, ಕಳಸ ಭಾಗದ ಒಂಟಿ ಮನೆಗೆ ಒಪ್ಪಬೇಕೆಂದೇನೂ ಇಲ್ಲ. ಈ ಹಿನ್ನೆಲೆಯಲ್ಲಿ ಖರೀದಿಗೆ ಮುನ್ನ ಗ್ರಾಹಕರು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಏನಿದು ಡ್ರೈವರ್?: ಗುಂಡು ಬಲ್ಬಿನೊಳಗೆ ಇದ್ದದ್ದು ಕೇವಲ ಒಂದು ಟಂಗ್‌ಸ್ಟನ್ ತಂತಿ. ಅದಕ್ಕೆ ಕಡಿಮೆ ವಿದ್ಯುತ್ ಕೊಟ್ಟರೆ ಕಡಿಮೆ ಬೆಳಕು, ಹೆಚ್ಚು ಕೊಟ್ಟರೆ ಹೆಚ್ಚು ಬೆಳಕು. ಲೋ ವೋಲ್ಟೇಜ್ ಇದ್ದ ರಾತ್ರಿ ಬಲ್ಬ್ ತಾನಾಗಿಯೇ ಕೆಂಪಗೆ ಕುಗ್ಗುತ್ತಿದ್ದುದನ್ನು ಮಲೆನಾಡಿನವರು ಮರೆತಿಲ್ಲ. ಎಲ್‌ಇಡಿ ಹಾಗಲ್ಲ. ಅದೊಂದು ಅರೆವಾಹಕ. ಬಿಳಿ ಬೆಳಕು ನೀಡುವ ಒಂದು ಎಲ್‌ಇಡಿ ಬಿಂದುವಿಗೆ ಬೇಕಾದದ್ದು ಸುಮಾರು 3 ವೋಲ್ಟ್‌ನ ಡಿಸಿ ವಿದ್ಯುತ್. ಮನೆಗೆ ಬರುವುದು 230 ವೋಲ್ಟ್‌ನ, ಸೆಕೆಂಡಿಗೆ 50 ಆವರ್ತನೆಯ ಎಸಿ ವಿದ್ಯುತ್. ಇವೆರಡರ ನಡುವಿನ ದಲ್ಲಾಳಿಯೇ ಡ್ರೈವರ್. ಎಸಿಯನ್ನು ಡಿಸಿಯಾಗಿಸಿ, ಎಲ್‌ಇಡಿ ತಾಳಬಲ್ಲಷ್ಟೇ ಪ್ರವಾಹವನ್ನು ಅಳೆದು ಕೊಡುವುದು ಅದರ ಕೆಲಸ.

ಸಾಮಾನ್ಯ ಬಲ್ಬಿನಲ್ಲಿ ಈ ಡ್ರೈವರ್ ಬುಡದಲ್ಲೇ ಅಡಕವಾಗಿರುತ್ತದೆ. ಫಾಲ್ಸ್ ಸೀಲಿಂಗ್‌ನ ಡೌನ್‌ಲೈಟ್, ಪ್ಯಾನೆಲ್ ಲೈಟ್, ಉದ್ದನೆಯ ಸ್ಟ್ರಿಪ್ ಮುಂತಾದವುಗಳಲ್ಲಿ ಪ್ರತ್ಯೇಕ ಡಬ್ಬಿಯ ರೂಪದಲ್ಲಿರುತ್ತದೆ. ಉತ್ತಮ ಡ್ರೈವರ್‌ನ ಗುಣವೇ ವೋಲ್ಟೇಜ್ ಏರಿದರೂ ಇಳಿದರೂ ಬೆಳಕನ್ನು ಒಂದೇ ಸಮನೆ ಕಾಪಾಡುವುದು. ಗೊಂದಲ ಹುಟ್ಟುವುದೂ ಇಲ್ಲಿಯೇ. ನಾಬ್ ತಿರುಗಿಸಿ ವಿದ್ಯುತ್ ಕಡಿತಗೊಳಿಸಿದಾಗ ಸಾಧಾರಣ ಡ್ರೈವರ್ ಅದನ್ನು ‘ಬೆಳಕು ತಗ್ಗಿಸು’ ಎಂಬ ಆಜ್ಞೆಯೆಂದು ಅರಿಯದೆ, ‘ವೋಲ್ಟೇಜ್ ಬಿದ್ದಿದೆ, ಸರಿದೂಗಿಸು’ ಎಂದು ಭಾವಿಸಿ ಹೆಣಗಾಡುತ್ತದೆ. ಮಿಣುಕಿನ ಮೂಲ ಇದೇ. ರಾಜ್ಯದಲ್ಲಿ 2015ರ ಡಿಸೆಂಬರ್‌ನಲ್ಲಿ ಆರಂಭಗೊಂಡ ‘ಹೊಸ ಬೆಳಕು’ ಯೋಜನೆಯಡಿ ಮನೆಮನೆಗೆ ತಲುಪಿದ 9 ವ್ಯಾಟ್‌ನ ಬಲ್ಬುಗಳೂ ಇದೇ ಸಾಧಾರಣ ವರ್ಗಕ್ಕೆ ಸೇರಿದಂಥವು. ಅಂತಹ ಬಲ್ಬುಗಳಿಗೆ ಡಿಮ್ಮರ್ ಜೋಡಿಸುವುದು ಸಲ್ಲದು.

ಎರಡು ಜಾತಿ: ಪ್ರತ್ಯೇಕ ಡ್ರೈವರ್‌ಗಳಲ್ಲಿ ಎರಡು ಬಗೆ. ಒಂದು ‘ಕಾನ್‌ಸ್ಟಂಟ್ ಕರೆಂಟ್’ ಅಂದರೆ ಪ್ರವಾಹವನ್ನು ಸ್ಥಿರವಾಗಿಡುವಂಥದ್ದು. ಇದರ ಮೈಮೇಲೆ 300, 350 ಅಥವಾ 700 ಮಿಲಿ ಆಂಪಿಯರ್ ಎಂಬಂತೆ ಪ್ರವಾಹದ ಪ್ರಮಾಣವೂ, ಜೊತೆಗೆ 27ರಿಂದ 42 ವೋಲ್ಟ್ ಎಂಬಂತೆ ಒಂದು ವ್ಯಾಪ್ತಿಯೂ ನಮೂದಾಗಿರುತ್ತದೆ. ಡೌನ್‌ಲೈಟ್ ಹಾಗೂ ಪ್ಯಾನೆಲ್‌ಗಳಿಗೆ ಇದು ಬೇಕು. ಇನ್ನೊಂದು ‘ಕಾನ್‌ಸ್ಟಂಟ್ ವೋಲ್ಟೇಜ್’. ಇದರ ಮೇಲೆ 12 ವೋಲ್ಟ್ ಅಥವಾ 24 ವೋಲ್ಟ್ ಎಂಬ ಒಂದೇ ಅಂಕಿ ಇರುತ್ತದೆ. ಸ್ಟ್ರಿಪ್ ದೀಪಗಳಿಗೆ ಇದು ಬೇಕು.

ಒಂದರ ಬದಲು ಇನ್ನೊಂದನ್ನು ಹಾಕುವಂತಿಲ್ಲ. ಹಾಳಾದ ಡ್ರೈವರ್ ಬದಲಿಸುವಾಗ ವ್ಯಾಟ್ ಒಂದನ್ನೇ ನೋಡಿ ಹೊಸತನ್ನು ತರುವುದು ಸಾಮಾನ್ಯವಾಗಿ ಆಗುವ ಪ್ರಮಾದ. 350 ಮಿಲಿ ಆಂಪಿಯರ್ ಕೇಳುವ ದೀಪಕ್ಕೆ 700ರ ಡ್ರೈವರ್ ಜೋಡಿಸಿದರೆ ಬೆಳಕೇನೋ ಮೊದಲು ಜೋರಾಗಿ ಬರುತ್ತದೆ. ಆದರೆ ಎಲ್‌ಇಡಿ ಕಾದು ಬೇಗನೆ ಸಾಯುತ್ತದೆ. ಆದ್ದರಿಂದ ಹಳೆಯ ಡ್ರೈವರನ್ನು ಎಸೆಯದೆ ಅಂಗಡಿಗೆ ಕೊಂಡೊಯ್ದು, ಪ್ರವಾಹ ಮತ್ತು ವೋಲ್ಟೇಜ್ ಎರಡನ್ನೂ ತಾಳೆ ನೋಡುವುದು ಅವಶ್ಯ.

ನಾಲ್ಕು ಭಾಷೆಗಳು: ಡಿಮ್ಮರ್ ಮತ್ತು ಡ್ರೈವರ್ ಪರಸ್ಪರ ಮಾತನಾಡುವ ವಿಧಾನಗಳು ಮುಖ್ಯವಾಗಿ ನಾಲ್ಕು. ಇಬ್ಬರದೂ ಒಂದೇ ಭಾಷೆಯಾದರೆ ಮಾತ್ರ ಕೆಲಸ ನಡೆಯುತ್ತದೆ ಎಂಬುದು ಗಮನಾರ್ಹ.

ಮೊದಲನೆಯದು ಫೇಸ್ ಕಟ್. ಗೋಡೆಯ ಸ್ವಿಚ್‌ಬೋರ್ಡಿನಲ್ಲಿ ತಿರುಗಿಸುವ ನಾಬ್ ಇರುವ ಡಿಮ್ಮರ್‌ಗಳು ಬಹುತೇಕ ಈ ಜಾತಿಯವು. ಎಸಿ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಅರ್ಧ ಅಲೆಗಳಿರುತ್ತವೆ. ಈ ಡಿಮ್ಮರ್ ಪ್ರತಿ ಅಲೆಯ ಒಂದಿಷ್ಟು ಭಾಗವನ್ನು ಕತ್ತರಿಸಿ ಕಳುಹಿಸುತ್ತದೆ. ಅಲೆಯ ಆರಂಭವನ್ನು ಕತ್ತರಿಸುವುದು ‘ಲೀಡಿಂಗ್ ಎಡ್ಜ್’, ಕೊನೆಯನ್ನು ಕತ್ತರಿಸುವುದು ‘ಟ್ರೇಲಿಂಗ್ ಎಡ್ಜ್’. ಹಳೆಯ ಟ್ರಯಾಕ್ ಡಿಮ್ಮರ್‌ಗಳು ಮೊದಲ ಬಗೆಯವು. ಎಲ್‌ಇಡಿಗೆ ಸಾಮಾನ್ಯವಾಗಿ ಎರಡನೇ ಬಗೆ ಹೆಚ್ಚು ಹೊಂದುತ್ತದೆ, ಸದ್ದೂ ಕಡಿಮೆ. ಇದರ ಅನುಕೂಲವೆಂದರೆ ಬೇರೆ ತಂತಿ ಎಳೆಯುವ ಅಗತ್ಯವಿಲ್ಲ. ಅನಾನುಕೂಲವೆಂದರೆ ಮನೆಗೆ ಬರುವ ಕರೆಂಟಿನ ಅಲೆ ಶುದ್ಧವಾಗಿರಲೇಬೇಕು.

ಎರಡನೆಯದು 1–10 ವೋಲ್ಟ್ ಅಥವಾ 0–10 ವೋಲ್ಟ್ ಪದ್ಧತಿ. ಇಲ್ಲಿ ಡ್ರೈವರಿಗೆ ಪೂರ್ಣ ಕರೆಂಟ್ ಯಥಾಪ್ರಕಾರ ಹೋಗುತ್ತದೆ. ಬೆಳಕು ಎಷ್ಟಿರಬೇಕೆಂಬ ಸೂಚನೆ ಮಾತ್ರ ಪ್ರತ್ಯೇಕವಾದ ಎರಡು ತೆಳು ತಂತಿಗಳ ಮೂಲಕ ಹೋಗುತ್ತದೆ. 1–10 ಪದ್ಧತಿಯಲ್ಲಿ ದೀಪ ಪೂರ್ಣ ಆರಬೇಕಿದ್ದರೆ ಬೇರೆ ಸ್ವಿಚ್ ಬೇಕು. ಸೂಚನಾ ತಂತಿ ತುಂಡಾದರೆ ದೀಪ ಪೂರ್ಣ ಪ್ರಖರತೆಗೆ ಹೋಗುತ್ತದೆಯೇ ಹೊರತು ಕತ್ತಲಾಗುವುದಿಲ್ಲ.

ಮೂರನೆಯದು ಡಾಲಿ. ಪ್ರತಿ ಡ್ರೈವರಿಗೂ ಒಂದು ವಿಳಾಸ ಕೊಟ್ಟು ಡಿಜಿಟಲ್ ಸೂಚನೆ ಕಳುಹಿಸುವ ಅಂತರರಾಷ್ಟ್ರೀಯ ಪದ್ಧತಿ ಇದು. ಕಚೇರಿ, ರೆಸಾರ್ಟ್‌ಗಳಿಗೆ ಸರಿ. ನಾಲ್ಕು ಕೋಣೆಯ ಮನೆಗೆ ಇದು ಅತಿಯಾದ ಏರ್ಪಾಡು. ಕೆಟ್ಟಾಗ ಸರಿಪಡಿಸಲು ಬಲ್ಲವರು ತಾಲ್ಲೂಕು ಕೇಂದ್ರದಲ್ಲಿ ಸಿಗುತ್ತಾರೆಯೇ ಎಂಬುದನ್ನೂ ಯೋಚಿಸಬೇಕು.

ನಾಲ್ಕನೆಯದು ಡಿಸಿ ಕಡೆಯ ಡಿಮ್ಮರ್. ಸಾಧಾರಣ 12 ಅಥವಾ 24 ವೋಲ್ಟ್ ಡ್ರೈವರ್ ಹಾಕಿ, ಅದರ ಮತ್ತು ಸ್ಟ್ರಿಪ್ಪಿನ ನಡುವೆ ಪುಟ್ಟ ಡಿಮ್ಮರ್ ಕೂರಿಸುವುದು. ಇದು ಎಲ್‌ಇಡಿಯನ್ನು ಸೆಕೆಂಡಿಗೆ ನೂರಾರು, ಸಾವಿರಾರು ಬಾರಿ ಹೊತ್ತಿಸಿ ಆರಿಸಿ ಬೆಳಕು ತಗ್ಗಿದಂತೆ ತೋರಿಸುತ್ತದೆ. ಇಲ್ಲಿಯೂ ಮನೆಗೆ ಬರುವ ಕರೆಂಟಿನ ಅಲೆಯನ್ನು ಯಾರೂ ಮುಟ್ಟುವುದಿಲ್ಲ. ಕೆಟ್ಟರೆ ಡಿಮ್ಮರ್ ಮಾತ್ರ ಬದಲಿಸಿದರೆ ಆಯಿತು.

ಫ್ಯಾನ್ ರೆಗ್ಯುಲೇಟರ್ ಬೇಡ: ಮನೆಯಲ್ಲಿ ಬಳಸದೆ ಉಳಿದ ಫ್ಯಾನ್ ರೆಗ್ಯುಲೇಟರನ್ನೇ ದೀಪಕ್ಕೆ ಜೋಡಿಸುವ ಪರಿಪಾಠ ಕೆಲವೆಡೆ ಇದೆ. ಹಂತ ಹಂತವಾಗಿ ತಿರುಗುವ ಇಂದಿನ ರೆಗ್ಯುಲೇಟರ್‌ಗಳಲ್ಲಿ ಕೆಪಾಸಿಟರ್‌ಗಳಿರುತ್ತವೆ. ಇವು ಫ್ಯಾನಿನ ಮೋಟಾರಿಗೆಂದೇ ರೂಪುಗೊಂಡವು. ಎಲ್‌ಇಡಿ ಡ್ರೈವರ್ ಇದರಿಂದ ಕೆಡುವ ಸಂಭವವೇ ಹೆಚ್ಚು.

ಗುಂಡು ಬಲ್ಬಿನ ಕಾಲದ ಹಳೆಯ ಡಿಮ್ಮರನ್ನು ಉಳಿಸಿಕೊಂಡು ದೀಪ ಮಾತ್ರ ಬದಲಿಸುವವರು ‘ಕನಿಷ್ಠ ಲೋಡ್’ ನೋಡಬೇಕು. ಡಿಮ್ಮರ್ ಮೇಲೆ 40ರಿಂದ 400 ವ್ಯಾಟ್ ಎಂದಿದ್ದರೆ, ಕನಿಷ್ಠ 40 ವ್ಯಾಟ್ ಭಾರವಿದ್ದಾಗ ಮಾತ್ರ ಅದು ಸರಿಯಾಗಿ ಕೆಲಸ ಮಾಡುತ್ತದೆ ಎಂದರ್ಥ. ಒಂದು ಕಾಲದಲ್ಲಿ 60 ವ್ಯಾಟ್‌ನ ನಾಲ್ಕು ಬಲ್ಬ್ ಸೇರಿ 240 ವ್ಯಾಟ್ ಇತ್ತು. ಈಗ 7 ವ್ಯಾಟ್‌ನ ನಾಲ್ಕು ಎಲ್‌ಇಡಿ ಸೇರಿದರೂ 28 ವ್ಯಾಟ್ ಮಾತ್ರ. ಡಿಮ್ಮರ್‌ಗೆ ಹಿಡಿತ ಸಿಗದೆ ದೀಪ ಮಿಣುಕುತ್ತದೆ. ಎಲ್‌ಇಡಿಗೆಂದೇ ತಯಾರಾದ, ಕನಿಷ್ಠ ಲೋಡ್ ಕಡಿಮೆಯಿರುವ ಡಿಮ್ಮರ್ ಹಾಕುವುದೇ ಇದಕ್ಕೆ ಪರಿಹಾರ.

ಸ್ವಿಚ್ ಆರಿಸಿದ ಮೇಲೂ ದೀಪ ಮಂಕಾಗಿ ಉರಿಯುತ್ತಿದ್ದರೆ ಭಯಪಡಬೇಕಿಲ್ಲ, ಆದರೆ ನಿರ್ಲಕ್ಷಿಸಲೂಬಾರದು. ನ್ಯೂಟ್ರಲ್ ತಂತಿ ಇಲ್ಲದ ಡಿಮ್ಮರ್ ಅಥವಾ ಸ್ವಿಚ್ಚಿನ ಇಂಡಿಕೇಟರ್ ಮೂಲಕ ಹರಿಯುವ ಅತ್ಯಲ್ಪ ಪ್ರವಾಹವೇ ಅದಕ್ಕೆ ಸಾಕು. ಫೇಸ್ ಬದಲು ನ್ಯೂಟ್ರಲ್ ತಂತಿಗೆ ಸ್ವಿಚ್ ಹಾಕಿದ್ದರೂ ಹೀಗಾಗುವುದುಂಟು. ಆಗ ಸ್ವಿಚ್ ಆರಿಸಿದರೂ ಹೋಲ್ಡರ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಬಲ್ಬ್ ಬದಲಿಸುವಾಗ ಕೈ ತಗುಲಿದರೆ ಪ್ರಾಣಾಪಾಯ. ಎಲೆಕ್ಟ್ರಿಷಿಯನ್ ಕರೆಸಿ ತಪಾಸಣೆ ಮಾಡಿಸಲೇಬೇಕು.

ಮಲೆನಾಡಿನ ಕರೆಂಟ್: ಮೇಲಿನದೆಲ್ಲ ಯಾವ ಊರಿಗಾದರೂ ಅನ್ವಯಿಸುವ ಮಾತು. ಕಾಫಿನಾಡಿನ ವಿಶೇಷ ಆರಂಭವಾಗುವುದು ಇಲ್ಲಿಂದ. ಜಿಲ್ಲೆಗೆ ವಿದ್ಯುತ್ ಪೂರೈಸುವುದು ಮೆಸ್ಕಾಂ. ಕೊಟ್ಟಿಗೆಹಾರ, ಬಾಳೂರು, ಸಂಸೆ, ಹೊರನಾಡು ಕಡೆಗೆ ಹೋಗುವ ಲೈನುಗಳು ಮೈಲಿಗಟ್ಟಲೆ ಕಾಡು, ತೋಟ, ಇಳಿಜಾರುಗಳನ್ನು ಹಾದುಹೋಗಬೇಕು. ಸಿಲ್ವರ್ ಓಕ್ ಕೊಂಬೆಯೊಂದು ಮುರಿದು ಬಿದ್ದರೂ ಒಂದು ಹೋಬಳಿ ಕತ್ತಲಾಗಬಹುದು. 2019ರ ಆಗಸ್ಟ್‌ನ ಮಹಾಮಳೆ ಹಾಗೂ ಭೂಕುಸಿತದಲ್ಲಿ ಮೂಡಿಗೆರೆ, ಕಳಸ ಭಾಗದ ಗ್ರಾಮಗಳು ಅನುಭವಿಸಿದ ಬವಣೆ ಇನ್ನೂ ಹಸಿಯಾಗಿದೆ. ಹೀಗಾಗಿ ಇಲ್ಲಿನ ಮನೆಗಳು ಒಂದೇ ಕರೆಂಟನ್ನು ನಂಬಿ ಕೂತಿಲ್ಲ. ಲೈನ್ ಕರೆಂಟ್, ಇನ್ವರ್ಟರ್, ಸೋಲಾರ್, ಜನರೇಟರ್, ಕೆಲವೆಡೆ ಹಳ್ಳದ ನೀರಿನ ಟರ್ಬೈನ್ ಹೀಗೆ ಹಲವು ಮೂಲಗಳು. ಡ್ರೈವರ್ ಇವೆಲ್ಲಕ್ಕೂ ಒಗ್ಗಬೇಕು.

ಮೊದಲ ಸಮಸ್ಯೆ ಲೋ ವೋಲ್ಟೇಜ್. ಬೇಸಿಗೆಯಲ್ಲಿ ಕಾಫಿ ಹೂವಿಗೆ ನೀರು ಕೊಡಲು ಸ್ಪ್ರಿಂಕ್ಲರ್ ಮೋಟಾರುಗಳು, ಕೊಯ್ಲಿನ ಕಾಲದಲ್ಲಿ ಪಲ್ಪರ್‌ಗಳು ಓಡುವಾಗ ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ ಗಣನೀಯವಾಗಿ ಕುಸಿಯುವುದುಂಟು. ಡ್ರೈವರ್ ಮೈಮೇಲೆ 220ರಿಂದ 240 ವೋಲ್ಟ್ ಎಂದು ಮಾತ್ರ ಇದ್ದರೆ ಅದು ಇಲ್ಲಿಗೆ ತಕ್ಕುದಲ್ಲ. 100ರಿಂದ 277 ಅಥವಾ 90ರಿಂದ 300 ವೋಲ್ಟ್‌ನಂತಹ ವಿಶಾಲ ವ್ಯಾಪ್ತಿ ಇರುವುದನ್ನೇ ಕೇಳಿ ಪಡೆಯಬೇಕು. ವೋಲ್ಟೇಜ್ ಇಳಿದಾಗ ಅಷ್ಟೇ ಬೆಳಕು ಕೊಡಲು ಡ್ರೈವರ್ ಹೆಚ್ಚು ಪ್ರವಾಹ ಎಳೆಯುತ್ತದೆ, ಆದ್ದರಿಂದ ಹೆಚ್ಚು ಬಿಸಿಯೂ ಆಗುತ್ತದೆ ಎಂಬುದು ನೆನಪಿರಲಿ. ಮನೆಯ ವೋಲ್ಟೇಜನ್ನು ಬೆಳಿಗ್ಗೆ, ಸಂಜೆ ಏಳು ಗಂಟೆ ಹಾಗೂ ನಡುರಾತ್ರಿ ಮೂರು ಹೊತ್ತು ಎಲೆಕ್ಟ್ರಿಷಿಯನ್ ಮೂಲಕ ಅಳೆಸಿ ಬರೆದಿಟ್ಟುಕೊಂಡರೆ ಅಂಗಡಿಯಲ್ಲಿ ಅರ್ಧ ಕೆಲಸ ಮುಗಿದಂತೆ.

ಎರಡನೆಯದು ಇನ್ವರ್ಟರ್. ಕಡಿಮೆ ಬೆಲೆಯ ಸ್ಕ್ವೇರ್ ವೇವ್ ಇನ್ವರ್ಟರ್‌ಗಳ ಅಲೆ ದುಂಡಗಿರದೆ ಚೌಕಾಕಾರವಾಗಿರುತ್ತದೆ. ಫೇಸ್ ಕಟ್ ಡಿಮ್ಮರ್ ಕತ್ತರಿಸಬೇಕಾದ ಅಲೆಯೇ ಅಲ್ಲಿಲ್ಲ. ಕರೆಂಟ್ ಇದ್ದಾಗ ಸರಿಯಾಗಿದ್ದ ದೀಪ ಇನ್ವರ್ಟರ್‌ಗೆ ಬದಲಾದೊಡನೆ ಕುಣಿಯತೊಡಗುವುದಕ್ಕೆ ಇದೇ ಕಾರಣ. ಮಳೆಗಾಲದಲ್ಲಿ ಸಂಜೆಯ ಬಹುಪಾಲು ಇನ್ವರ್ಟರ್‌ನಲ್ಲೇ ಕಳೆಯುವ ಮನೆಗಳು ಒಂದೋ ಸೈನ್ ವೇವ್ ಇನ್ವರ್ಟರ್ ಹೊಂದಿರಬೇಕು, ಇಲ್ಲವೇ ಅಲೆಯನ್ನು ಕತ್ತರಿಸದ ಎರಡನೇ ಅಥವಾ ನಾಲ್ಕನೇ ಪದ್ಧತಿಗೆ ಹೋಗಬೇಕು.

ಮೂರನೆಯದು ಹಳ್ಳದ ಟರ್ಬೈನ್. ಮಲೆನಾಡಿನ ಅನೇಕ ಒಂಟಿ ಮನೆಗಳು ವರ್ಷದ ಕೆಲವು ತಿಂಗಳು ಕಿರು ಜಲವಿದ್ಯುತ್ ಘಟಕಗಳಿಂದ ಬೆಳಗುತ್ತವೆ. ಒಂದು ಕಿಲೋವ್ಯಾಟ್ ಆಸುಪಾಸಿನ ಈ ಘಟಕಗಳಲ್ಲಿ ನೀರಿನ ರಭಸ ಹಾಗೂ ಮನೆಯ ಬಳಕೆಗೆ ತಕ್ಕಂತೆ ವೋಲ್ಟೇಜ್ ಮಾತ್ರವಲ್ಲ, ಆವರ್ತನೆಯೂ ಏರಿಳಿಯುತ್ತದೆ. ಹೆಚ್ಚುವರಿ ವಿದ್ಯುತ್ತನ್ನು ಹೀಟರ್ ಕಾಯಿಲ್‌ಗೆ ತಿರುಗಿಸುವ ಲೋಡ್ ಕಂಟ್ರೋಲರ್‌ನಿಂದ ಅಲೆಯ ಆಕಾರವೂ ಕೆಡಬಹುದು. ಇಂತಹ ಮನೆಗಳಲ್ಲಿ ಫೇಸ್ ಕಟ್ ಡಿಮ್ಮರ್ ಬಳಸದಿರುವುದೇ ಕ್ಷೇಮ. ದೊಡ್ಡ ಲೋಡ್ ಒಮ್ಮೆಲೇ ಆರಿದಾಗ ಟರ್ಬೈನ್ ಓಟ ಹೆಚ್ಚಿ ವೋಲ್ಟೇಜ್ ಜಿಗಿಯುವ ಸಾಧ್ಯತೆ ಇರುವುದರಿಂದ ಡ್ರೈವರ್‌ನ ಮೇಲ್ಮಿತಿ 300 ವೋಲ್ಟ್ ಆಸುಪಾಸು ಇದ್ದರೆ ಒಳ್ಳೆಯದು.

ಸೋಲಾರ್ ಬ್ಯಾಟರಿಯಿಂದ 12 ವೋಲ್ಟ್ ಸ್ಟ್ರಿಪ್‌ಗೆ ನೇರ ಸಂಪರ್ಕ ಕೊಡುವವರೂ ಇದ್ದಾರೆ. ಚಾರ್ಜ್ ಆಗುತ್ತಿರುವಾಗ 12 ವೋಲ್ಟ್ ಬ್ಯಾಟರಿಯ ವೋಲ್ಟೇಜ್ 14ನ್ನು ದಾಟುತ್ತದೆ. ಸ್ಟ್ರಿಪ್ ಅತಿಯಾಗಿ ಕಾದು ಬೇಗ ಮಂಕಾಗುತ್ತದೆ. ನಡುವೆ ವೋಲ್ಟೇಜ್ ಸ್ಥಿರಗೊಳಿಸುವ ಸಾಧನ ಇರಲೇಬೇಕು.

ನಡುರಾತ್ರಿಯ ಕಿರಿಕಿರಿ: ಮೊಬೈಲ್ ಫೋನ್ ಅಥವಾ ರಿಮೋಟ್‌ನಿಂದ ಬೆಳಕು ತಗ್ಗಿಸುವ ದೀಪಗಳಿಗೆ ಅಲೆಯ ಚಿಂತೆಯಿಲ್ಲ. ಆದರೆ ಅವುಗಳದ್ದು ಬೇರೆಯೇ ತೊಂದರೆ. ಇಂತಹ ಹಲವು ದೀಪಗಳು ಕರೆಂಟ್ ಹೋಗಿ ಬಂದಾಗ ಹಿಂದಿನ ಸ್ಥಿತಿಯನ್ನು ಮರೆತು ಪೂರ್ಣ ಪ್ರಖರತೆಯಲ್ಲಿ ಹೊತ್ತಿಕೊಳ್ಳುತ್ತವೆ. ಆಷಾಢದ ಗಾಳಿಮಳೆಗೆ ಒಂದೇ ರಾತ್ರಿ ಹತ್ತು ಸಲ ಕರೆಂಟ್ ಹೋಗಿ ಬರುವ ಊರಿನಲ್ಲಿ ಮಲಗುವ ಕೋಣೆಯ ದೀಪ ಹತ್ತು ಸಲ ಧಗ್ಗನೆ ಹೊತ್ತಿದರೆ ನಿದ್ರೆಯ ಗತಿಯೇನು? ‘ಪವರ್ ಆನ್ ಮೆಮೊರಿ’ ಇದೆಯೇ ಎಂದು ವಿಚಾರಿಸಿಯೇ ಕೊಳ್ಳಬೇಕು. ಸ್ವಿಚ್ ಆರಿಸಿ ಹಾಕಿದಾಗಲೆಲ್ಲ ಬೆಳಕಿನ ಹಂತ ಬದಲಾಗುವ ಬಲ್ಬುಗಳಿಗೂ ಇದೇ ಮಾತು ಅನ್ವಯ.

ಗುಡುಗು, ಸಿಡಿಲು: ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಡ್ರೈವರ್‌ಗಳು ಸಾಮೂಹಿಕವಾಗಿ ಸುಟ್ಟುಹೋಗಲು ಕಾರಣ ಸಿಡಿಲು ನೇರವಾಗಿ ಮನೆಗೆ ಬಡಿಯುವುದೇ ಆಗಬೇಕಿಲ್ಲ. ದೂರದ ಲೈನಿಗೆ ಬಡಿದರೂ ಕ್ಷಣಮಾತ್ರದ ಭಾರೀ ವೋಲ್ಟೇಜ್ ತಂತಿಗುಂಟ ಹರಿದುಬರುತ್ತದೆ. ಡ್ರೈವರ್‌ನ ವಿವರ ಪಟ್ಟಿಯಲ್ಲಿ ‘ಸರ್ಜ್ ಪ್ರೊಟೆಕ್ಷನ್’ 2 ಕೆವಿ, 4 ಕೆವಿ ಎಂದು ನಮೂದಾಗಿರುವುದು ಈ ಹೊಡೆತ ತಾಳುವ ಶಕ್ತಿಯನ್ನು. ಇಲ್ಲಿನ ಮನೆಗಳಿಗೆ ಹೆಚ್ಚಿನದನ್ನೇ ಆರಿಸುವುದು ಲೇಸು. ಜೊತೆಗೆ ಮುಖ್ಯ ಬೋರ್ಡಿನಲ್ಲಿ ಸರ್ಜ್ ರಕ್ಷಕ ಸಾಧನ ಅಳವಡಿಸಬೇಕು. ಅರ್ತಿಂಗ್ ಸರಿಯಿಲ್ಲದಿದ್ದರೆ ಆ ಸಾಧನ ಇದ್ದೂ ಇಲ್ಲದಂತೆ.

ಗಾಳಿಮಳೆಗೆ ನ್ಯೂಟ್ರಲ್ ತಂತಿ ಕಡಿದುಹೋಗುವುದು ಇನ್ನೂ ಅಪಾಯಕಾರಿ. ಆಗ ಮೂರು ಫೇಸ್‌ಗಳ ನಡುವಿನ ಸಮತೋಲನ ತಪ್ಪಿ ಕೆಲವು ಮನೆಗಳಿಗೆ 400 ವೋಲ್ಟ್‌ವರೆಗೂ ನುಗ್ಗಬಹುದು. ಯಾವ ಸಾಮಾನ್ಯ ಡ್ರೈವರೂ ಇದನ್ನು ತಾಳದು. ವೋಲ್ಟೇಜ್ ಮಿತಿ ಮೀರಿದೊಡನೆ ಸಂಪರ್ಕ ಕಡಿದುಹಾಕುವ ರಕ್ಷಕ ಸಾಧನವೊಂದನ್ನು ಮೀಟರ್ ನಂತರ ಹಾಕಿಸಿಕೊಂಡರೆ ದೀಪದೊಂದಿಗೆ ಫ್ರಿಜ್, ಟಿವಿಗಳೂ ಬದುಕುತ್ತವೆ.

ತೇವ ಮತ್ತು ಬಿಸಿ: ಡ್ರೈವರ್‌ನ ಒಳಗೆ ಮೊದಲು ಸೋಲುವುದು ಸಾಮಾನ್ಯವಾಗಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಅದರ ಉಷ್ಣತೆ 10 ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಕ್ಷೇತ್ರದ ಒಪ್ಪಿತ ಲೆಕ್ಕಾಚಾರ. ಮಲೆನಾಡು ತಂಪು ಎಂದು ಸುಮ್ಮನಾಗುವಂತಿಲ್ಲ. ಮರದ ಹಲಗೆಯ ಮುಚ್ಚಿಗೆ ಮತ್ತು ಹೆಂಚಿನ ನಡುವಿನ ಗಾಳಿಯಾಡದ ಜಾಗ ಮಾರ್ಚ್ ತಿಂಗಳ ಮಧ್ಯಾಹ್ನ ಎಷ್ಟು ಕಾಯುತ್ತದೆ ಎಂಬುದು ಅಟ್ಟ ಹತ್ತಿದವರಿಗೆ ಗೊತ್ತು. ಅಲ್ಲಿ ಒಣಗಿದ ಎಲೆ, ಇಲಿಗೂಡು, ಹಳೆಯ ಗೋಣಿಚೀಲಗಳ ಮಧ್ಯೆ ಡ್ರೈವರ್ ಇಡುವುದು ಬೆಂಕಿಗೆ ಆಹ್ವಾನವಿತ್ತಂತೆ. ಡ್ರೈವರ್ ಸುತ್ತ ಗಾಳಿಯಾಡುವಂತಿರಬೇಕು, ಕೈಗೆಟುಕುವಂತಿರಬೇಕು. ಅದರ ಮೈಮೇಲೆ ‘ಟಿಸಿ’ ಎಂದು ಗುರುತಿಸಿದ ಬಿಂದುವಿನ ಉಷ್ಣತೆ ಅಲ್ಲಿ ಬರೆದ ಮಿತಿಯನ್ನು ಮೀರಕೂಡದು.

ಇನ್ನು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಮನೆಗಳಲ್ಲಿ ಐಪಿ 20 ದರ್ಜೆಯ ಡ್ರೈವರ್ ಒಣ ಕೋಣೆಗೆ ಮಾತ್ರ ಸೀಮಿತವಾಗಿರಲಿ. ಜಗುಲಿ, ಬಚ್ಚಲು, ಅಂಗಳದ ದೀಪಗಳಿಗೆ ಐಪಿ 65 ಅಥವಾ 67 ದರ್ಜೆ ಬೇಕು. ಇದರಿಂದ ಇರುವೆ, ಹಲ್ಲಿಗಳ ಪ್ರವೇಶಕ್ಕೂ ತಡೆ. ಕೈ ತಾಗುವ ಸ್ಟ್ರಿಪ್ ದೀಪಗಳಿಗೆ ‘ಐಸೊಲೇಟೆಡ್’ ಎಂದು ನಮೂದಿಸಿರುವ ಡ್ರೈವರನ್ನೇ ಬಳಸಬೇಕು. ಐಸೊಲೇಷನ್ ಇಲ್ಲದ ಅಗ್ಗದ ಡ್ರೈವರ್‌ಗಳಲ್ಲಿ ಡಿಸಿ ತಂತಿ ಮುಟ್ಟಿದರೂ ಶಾಕ್ ಹೊಡೆಯಬಹುದು.

ಒಂದಿಷ್ಟು ಲೆಕ್ಕ: ಮೀಟರಿಗೆ 10 ವ್ಯಾಟ್‌ನ 5 ಮೀಟರ್ ಸ್ಟ್ರಿಪ್ ಎಂದರೆ 50 ವ್ಯಾಟ್. ಅದಕ್ಕೆ 50 ವ್ಯಾಟ್‌ನ ಡ್ರೈವರ್ ತಂದರೆ ಅದು ಸದಾ ಪೂರ್ಣ ಭಾರದಲ್ಲಿ ದುಡಿಯಬೇಕಾಗುತ್ತದೆ. ಶೇ 80ರಷ್ಟು ಭಾರವೇ ಇರುವಂತೆ 60ರಿಂದ 75 ವ್ಯಾಟ್‌ನದು ತರುವುದು ಜಾಣತನ.

ತಂತಿಯ ಉದ್ದವೂ ಮುಖ್ಯ. ಡ್ರೈವರನ್ನು ಸ್ಟ್ರಿಪ್‌ನಿಂದ 10 ಮೀಟರ್ ದೂರದಲ್ಲಿಟ್ಟು ಒಂದು ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆದರೆ, 12 ವೋಲ್ಟ್ ವ್ಯವಸ್ಥೆಯಲ್ಲಿ ದಾರಿಯಲ್ಲೇ ಸುಮಾರು ಒಂದೂವರೆ ವೋಲ್ಟ್ ಅಂದರೆ ಶೇ 12ರಷ್ಟು ನಷ್ಟವಾಗುತ್ತದೆ. ಅದೇ 24 ವೋಲ್ಟ್ ಆದರೆ ನಷ್ಟ ಮುಕ್ಕಾಲು ವೋಲ್ಟ್, ಅಂದರೆ ಶೇ 3 ಮಾತ್ರ. ವಿಶಾಲವಾದ ತೊಟ್ಟಿಮನೆ, ಬಂಗಲೆಗಳಿಗೆ 24 ವೋಲ್ಟ್ ಸೂಕ್ತ ಎನ್ನಲು ಇದೇ ಕಾರಣ.

‘ಶೇ 10ರವರೆಗೆ ತಗ್ಗುತ್ತದೆ’ ಎಂಬ ಬರಹವನ್ನೂ ಅರ್ಥಮಾಡಿಕೊಳ್ಳಬೇಕು. ಮನುಷ್ಯನ ಕಣ್ಣು ಬೆಳಕನ್ನು ಉಪಕರಣದಂತೆ ಅಳೆಯುವುದಿಲ್ಲ. ಉಪಕರಣಕ್ಕೆ ಶೇ 10 ಎಂದು ಕಾಣುವ ಬೆಳಕು ಕಣ್ಣಿಗೆ ಸುಮಾರು ಶೇ 32ರಷ್ಟು ಎನಿಸುತ್ತದೆ. ಊಟದ ಮನೆಗೆ ಅದು ಸಾಕು. ರಾತ್ರಿ ಮಲಗುವ ಕೋಣೆಗೆ ಶೇ 1ರವರೆಗೆ ತಗ್ಗುವ ಡ್ರೈವರ್ ಬೇಕು. ಅದೂ ಕಣ್ಣಿಗೆ ಶೇ 10ರಷ್ಟು ಕಾಣುತ್ತದೆ.

ಕಣ್ಣಿಗೆ ಕಾಣದ ಮಿಣುಕಿನ ಬಗ್ಗೆಯೂ ಎಚ್ಚರವಿರಲಿ. ಅಗ್ಗದ ಡ್ರೈವರ್‌ಗಳ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಕೆಲವರಿಗೆ ಇದರಿಂದ ತಲೆನೋವು, ಕಣ್ಣಿನ ಆಯಾಸ ಉಂಟಾಗುತ್ತದೆ. ಅಂಗಡಿಯಲ್ಲಿಯೇ ದೀಪವನ್ನು ಅರ್ಧಕ್ಕೆ ತಗ್ಗಿಸಿ ಮೊಬೈಲ್ ಕ್ಯಾಮೆರಾದಲ್ಲಿ ನೋಡಿದರೆ, ಮಿಣುಕು ಹೆಚ್ಚಿದ್ದಾಗ ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದಾಡುವುದು ಕಾಣುತ್ತದೆ. ಇದು ಅಂತಿಮ ಪರೀಕ್ಷೆಯಲ್ಲ, ಆದರೆ ತೀರಾ ಕಳಪೆಯಾದುದನ್ನು ಗುರುತಿಸಲು ಸಾಕು.

ಡಿಮ್ಮರ್ ಬೇಕೇ ಬೇಕೆ?: ವಿದ್ಯುತ್ ಉಳಿತಾಯಕ್ಕಾಗಿ ಎಂದಾದರೆ ಬೇಡ. 10 ವ್ಯಾಟ್ ದೀಪ ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ ಒಂದೂವರೆ ಯೂನಿಟ್. ಅರ್ಧಕ್ಕೆ ತಗ್ಗಿಸಿದರೆ ಉಳಿಯುವುದು ಮುಕ್ಕಾಲು ಯೂನಿಟ್ಟಿನಷ್ಟು. ಡ್ರೈವರ್, ಡಿಮ್ಮರ್‌ಗಳಿಗೆ ತೆತ್ತ ಹಣ ಇದರಿಂದ ಮರಳುವುದಿಲ್ಲ. ಡಿಮ್ಮರ್ ಕಣ್ಣಿನ ಹಿತಕ್ಕೆ, ಮನೆಯ ನೆಮ್ಮದಿಗೆ.

ಆ ಹಿತವನ್ನು ಡಿಮ್ಮರ್ ಇಲ್ಲದೆಯೂ ಪಡೆಯಬಹುದು. ಹಿಂದೆ ಪ್ರತಿ ಮನೆಯಲ್ಲೂ ಇದ್ದ ‘ಜೀರೋ ಬಲ್ಬ್’ ಇದಕ್ಕೆ ಉದಾಹರಣೆ. ಹೆಸರಿಗೆ ಜೀರೋ ಆದರೂ ಸುಮಾರು 15 ವ್ಯಾಟ್ ನುಂಗುತ್ತಿತ್ತು. ಅದರ ಜಾಗದಲ್ಲಿ ಅರ್ಧ ವ್ಯಾಟ್‌ನ ಎಲ್‌ಇಡಿ ಸಾಕು. ಒಂದು ಕೋಣೆಗೆ ಎರಡು ಸ್ವಿಚ್, ಒಂದು ದೊಡ್ಡ ದೀಪಕ್ಕೆ, ಇನ್ನೊಂದು ಬಚ್ಚಲ ದಾರಿಯ ನೆಲದ ಬಳಿಯ ಪುಟ್ಟ ದೀಪಕ್ಕೆ. ಕೆಡುವ ಭಾಗಗಳೂ ಕಡಿಮೆ, ಯಾವ ಕರೆಂಟ್‌ಗಾದರೂ ಒಗ್ಗುತ್ತದೆ. ಹಲವು ಮನೆಗಳಿಗೆ ಇಷ್ಟೇ ಸಾಕಾದೀತು.

ಕೊಳ್ಳುವ ಕ್ರಮ: ಡಿಮ್ಮರ್ ಬೇಕೆಂದೇ ನಿಶ್ಚಯಿಸಿದವರು ಪೇಟೆಯ ಕ್ರಮವನ್ನು ತಿರುವುಮುರುವು ಮಾಡಬೇಕು. ಸಾಮಾನ್ಯವಾಗಿ ಮೊದಲು ಅಂದದ ದೀಪ, ಆಮೇಲೆ ಅದಕ್ಕೆ ಸಿಕ್ಕಿದ ಡ್ರೈವರ್, ಕೊನೆಗೆ ಡಿಮ್ಮರ್ ಕೊಳ್ಳಲಾಗುತ್ತದೆ. ಅದರ ಬದಲು ಮೊದಲು ಮನೆಯ ಕರೆಂಟ್ ಎಂಥದ್ದೆಂದು ಅರಿಯಬೇಕು. ಬಳಿಕ ಪದ್ಧತಿಯನ್ನು ನಿರ್ಧರಿಸಬೇಕು. ಪಟ್ಟಣದೊಳಗಿನ, ಸೈನ್ ವೇವ್ ಇನ್ವರ್ಟರ್ ಇರುವ ಮನೆಗೆ ಟ್ರೇಲಿಂಗ್ ಎಡ್ಜ್ ಡಿಮ್ಮರ್ ಸಾಕು. ಲೈನಿನ ಕೊನೆಯ, ಚೌಕ ಅಲೆಯ ಇನ್ವರ್ಟರ್ ಅಥವಾ ಟರ್ಬೈನ್ ನೆಚ್ಚಿರುವ ಮನೆಗೆ 24 ವೋಲ್ಟ್ ಡ್ರೈವರ್ ಮತ್ತು ಡಿಸಿ ಡಿಮ್ಮರ್, ಇಲ್ಲವೇ 1–10 ವೋಲ್ಟ್ ಪದ್ಧತಿ ಯೋಗ್ಯ. ಹೊಸ ಮನೆಯಾದರೆ ಗಾರೆ ಆಗುವ ಮೊದಲೇ ಸೂಚನಾ ತಂತಿಗಳಿಗೆ ಪ್ರತ್ಯೇಕ ಪೈಪ್ ಹಾಕಿಸಿಡಬೇಕು. ಅನಂತರ ಡ್ರೈವರ್. ದೀಪದ ಸರದಿ ಕಟ್ಟಕಡೆಗೆ.

ಡ್ರೈವರ್ ಮೇಲೆ ಭಾರತೀಯ ಮಾನಕ ಬ್ಯೂರೊದ ಗುರುತು, ಐಎಸ್ 15885 ಎಂಬ ಮಾನಕ ಸಂಖ್ಯೆ ಹಾಗೂ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆ ಅಸಲಿಯೇ ಎಂಬುದನ್ನು ಬ್ಯೂರೊದ ‘ಬಿಐಎಸ್ ಕೇರ್’ ಮೊಬೈಲ್ ಆ್ಯಪ್‌ನಲ್ಲಿ ಅಲ್ಲಿಯೇ ಪರಿಶೀಲಿಸಬಹುದು. ರಸೀದಿ ಪಡೆಯುವುದು, ಅದರಲ್ಲಿ ಮಾದರಿ ಸಂಖ್ಯೆ ಬರೆಸುವುದು ಮರೆಯಕೂಡದು. ಇಡೀ ಮನೆಗೆ ಒಮ್ಮೆಲೇ ಕೊಳ್ಳದೆ ಒಂದು ಕೋಣೆಗೆ ಮಾತ್ರ ತಂದು, ಲೈನ್ ಕರೆಂಟ್‌ನಲ್ಲೂ ಇನ್ವರ್ಟರ್‌ನಲ್ಲೂ ಒಂದು ವಾರ ಪರೀಕ್ಷಿಸಿ, ಸರಿಯಿದ್ದರೆ ಉಳಿದದ್ದನ್ನು ತರುವುದು ಸುರಕ್ಷಿತ ಮಾರ್ಗ. ಜೋಡಣೆಯ ಕೆಲಸವನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ಗಳಿಗೇ ಒಪ್ಪಿಸಬೇಕು.

ಮಳೆಗಾಲದ ನಾಲ್ಕು ತಿಂಗಳು ಹಗಲಲ್ಲೂ ದೀಪ ಬೇಡುವ ನಾಡಿದು. ಬೆಳಕು ಕೈಕೊಟ್ಟಾಗ ಹೊಸ ಡ್ರೈವರ್ ತರಲು ಮೂಡಿಗೆರೆಗೋ ಕಳಸಕ್ಕೋ ಹೊರಟರೆ, ಘಾಟಿ ರಸ್ತೆ ತೆರೆದಿದೆಯೇ ಎಂದು ಮೊದಲು ವಿಚಾರಿಸಬೇಕಾದ ಸ್ಥಿತಿಯೂ ಎದುರಾಗುತ್ತದೆ. ಆದ್ದರಿಂದ ಕೊಳ್ಳುವ ದಿನವೇ ಅದೇ ಮಾದರಿಯ ಒಂದು ಡ್ರೈವರನ್ನು ಹೆಚ್ಚುವರಿಯಾಗಿ ತಂದು ಒಣ ಜಾಗದಲ್ಲಿ ತೆಗೆದಿಡುವುದು ಒಳಿತು.